ನೀರು ನಿಲ್ಲಿಸಿದ ಕೈಯಿಂದ ಅಭಿಷೇಕವೇ?

ಶ್ರಾವಕನ ಅಹಿಂಸೆ ಅಡುಗೆಮನೆಯಲ್ಲಿ ಆರಂಭವಾಗುತ್ತದೆ. ಅದು ಸರಿಯಾದುದೇ. ಆದರೆ ಅದು ಅಡುಗೆಮನೆಯಲ್ಲಿಯೇ ಮುಗಿದುಹೋಗುತ್ತಿದ್ದರೆ ಅದರ ಬಗ್ಗೆ ಮಾತನಾಡಲೇಬೇಕು. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ, ಕಂದಮೂಲಗಳನ್ನು ಮುಟ್ಟದ ಗೃಹಸ್ಥನು ಬಾಡಿಗೆಯ ಕರಾರುಪತ್ರಕ್ಕೆ ರುಜು ಹಾಕುವಾಗ ಯಾವ ವ್ರತವನ್ನು ನೆನೆಯುತ್ತಾನೆ? ನಲವತ್ತು ವರ್ಷ ಒಂದೇ ವಠಾರದಲ್ಲಿ ಬಾಳಿದ ವೃದ್ಧೆಗೆ ಮೂರು ತಿಂಗಳ ನೋಟೀಸು ಕಳುಹಿಸುವಾಗ ಯಾವ ಭಾವನೆಯನ್ನು ಭಾವಿಸುತ್ತಾನೆ? ಇರುವೆಯನ್ನು ತುಳಿಯದಂತೆ ನೋಡಿ ನಡೆಯುವ ಕಾಲು, ಮನುಷ್ಯರ ಸಂಸಾರವೊಂದನ್ನು ಬೀದಿಗೆ ತಳ್ಳುವಾಗ ತಡವರಿಸದಿದ್ದರೆ, ಆ ಈರ್ಯೆಗೆ ಅರ್ಥವೇನು? ಈ ಪ್ರಶ್ನೆಗಳನ್ನು ಅನ್ಯರು ನಮಗೆ ಕೇಳುವುದಕ್ಕಿಂತ ಮೊದಲು ನಾವೇ ಕೇಳಿಕೊಳ್ಳುವುದು ಶ್ರೇಯಸ್ಕರ.

ನಮ್ಮ ನಗರಗಳ ಹಳೆಯ ಕೇರಿಗಳು, ಪೇಟೆಗಳು, ಬಡಾವಣೆಗಳು ಇಂದು ಒಂದು ವಿಚಿತ್ರ ಭಾಗ್ಯಕ್ಕೆ ಒಳಗಾಗಿವೆ. ಅವುಗಳಿಗೆ ಬೆಲೆ ಬಂದಿದೆ. ಅಲ್ಲಿ ಇದ್ದವರಿಗೆ ಬೆಲೆ ಇಲ್ಲದಂತಾಗಿದೆ. ಬಡವರೂ ಮಧ್ಯಮ ವರ್ಗದವರೂ ಬಹುಕಾಲ ಬಾಳಿದ ಪ್ರದೇಶಕ್ಕೆ ಹಣವುಳ್ಳವರು ಬಂದು ನೆಲೆಸುವುದು, ಅದರಿಂದ ಬಾಡಿಗೆ ಏರುವುದು, ಏರಿದ ಬಾಡಿಗೆಯನ್ನು ತೆರಲಾರದೆ ಮೊದಲಿದ್ದವರು ಊರಂಚಿಗೆ ಸರಿಯುವುದು, ಕೊನೆಗೆ ಆ ಕೇರಿಯ ಸ್ವರೂಪವೇ ಅಳಿದುಹೋಗುವುದು: ಈ ಸರಣಿಯನ್ನು ಲಂಡನ್ನಿನ ಇಸ್ಲಿಂಗ್‌ಟನ್ ಮೊದಲಾದ ಭಾಗಗಳಲ್ಲಿ ಕಂಡ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಅದಕ್ಕೆ ‘ಜೆಂಟ್ರಿಫಿಕೇಶನ್’ ಎಂದು ಹೆಸರಿಟ್ಟರು. ನಮ್ಮಲ್ಲಿ ಅದಕ್ಕೆ ಇನ್ನೂ ಮೃದುವಾದ ಹೆಸರಿದೆ. ‘ಏರಿಯಾ ಡೆವಲಪ್ ಆಗಿದೆ’ ಎನ್ನುತ್ತೇವೆ. ಯಾರು ಡೆವಲಪ್ ಆದರು, ಯಾರು ಇಲ್ಲವಾದರು ಎಂದು ಕೇಳುವುದಿಲ್ಲ.

ಬೆಂಗಳೂರನ್ನೇ ನೋಡೋಣ. ಕೆಂಪೇಗೌಡರ ಪೇಟೆಯು ಕಸುಬುಗಳ ಮೇಲೆ ಕಟ್ಟಿದ ಊರು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಅದಕ್ಕೆ ಸಾಕ್ಷಿ. ಕೆಳಗೆ ಅಂಗಡಿ, ಮೇಲೆ ಮನೆ. ಮುಂದೆ ಮಗ್ಗ, ಹಿಂದೆ ಅಡುಗೆಮನೆ. ಹೀಗೆ ದುಡಿಮೆಯೂ ವಾಸವೂ ಒಂದೇ ಸೂರಿನಡಿ ಇದ್ದ ಊರದು. ಕಬ್ಬನ್‌ಪೇಟೆಯಲ್ಲಿ ಮಗ್ಗದ ಸದ್ದಿನ ನಡುವೆಯೇ ಮಕ್ಕಳು ಪಾಠ ಓದಿದರು. 1898ರ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ದೊಡ್ಡ ಮನೆಗಳ ಜೊತೆಗೇ ವಠಾರಗಳೂ ಬೆಳೆದವು. ಒಂದು ಅಂಗಳ, ಒಂದು ನಲ್ಲಿ, ಸಾಲಾಗಿ ಎಂಟು ಹತ್ತು ಸಂಸಾರ: ಗುಮಾಸ್ತರು, ಉಪಾಧ್ಯಾಯರು, ಅಡುಗೆಯವರು, ಪುರೋಹಿತರು, ವಿಧವೆಯರು. ಈ ವಠಾರಗಳು ಇಂದು ಒಂದೊಂದಾಗಿ ನೆಲಸಮವಾಗಿ ಬಹುಮಹಡಿ ವಸತಿಗಳಾಗುತ್ತಿವೆ. 2014ರ ಮಾರ್ಚಿಯಲ್ಲಿ ಸಂಪಿಗೆ ರಸ್ತೆಗೆ ಮೆಟ್ರೋ ಬಂದಿತು. 2017ರ ಜೂನಿನಲ್ಲಿ ಚಿಕ್ಕಪೇಟೆಯ ನೆಲದಡಿಯಲ್ಲಿಯೂ ಓಡತೊಡಗಿತು. ರೈಲು ಬಂದುದು ಒಳ್ಳೆಯದೇ. ಆದರೆ ನಿಲ್ದಾಣ ಸಮೀಪಿಸಿದಷ್ಟೂ ನೆಲದ ಬೆಲೆ ಏರುತ್ತದೆ. ನೆಲದ ಬೆಲೆ ಏರಿದಷ್ಟೂ ಅದರ ಮೇಲೆ ಅಗ್ಗದ ಬಾಡಿಗೆಗೆ ಕುಳಿತವನು ಮಾಲೀಕನ ಕಣ್ಣಿಗೆ ಕಸವಾಗುತ್ತಾನೆ. ಬಿನ್ನಿ ಗಿರಣಿಯ ಕಾರ್ಮಿಕರು ದುಡಿದ ನೆಲದಲ್ಲಿ ಇಂದು ವಸತಿ ಗೋಪುರಗಳೂ ಮಾಲೂ ನಿಂತಿವೆ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ನಿವೃತ್ತರ ಮನೆಗಳಿದ್ದೆಡೆ ಬಟ್ಟೆಯಂಗಡಿ, ಪಾನಗೃಹಗಳ ಸಾಲಿದೆ.

ಇದರ ಒಳಗಣ ಯಂತ್ರ ಬಹಳ ಸರಳವಾದುದು. ಈಗ ಬರುತ್ತಿರುವ ಬಾಡಿಗೆಗೂ ಹಳೆಯವರನ್ನು ಬಿಡಿಸಿ ಹೊಸದಾಗಿ ಕಟ್ಟಿದರೆ ಬರಬಹುದಾದ ಬಾಡಿಗೆಗೂ ನಡುವೆ ಒಂದು ಅಂತರವಿರುತ್ತದೆ. ಭೂಗೋಳಶಾಸ್ತ್ರಜ್ಞ ನೀಲ್ ಸ್ಮಿತ್ 1979ರಲ್ಲಿ ಈ ಅಂತರವನ್ನೇ ಇಡೀ ಪ್ರಕ್ರಿಯೆಯ ಬೀಜವೆಂದು ತೋರಿಸಿಕೊಟ್ಟರು. ಅಂತರ ಹಿಗ್ಗಿದಂತೆ ಮಾಲೀಕನು ದುರಸ್ತಿಯನ್ನು ನಿಲ್ಲಿಸುತ್ತಾನೆ. ಸೂರು ಸೋರುತ್ತದೆ, ಗೋಡೆ ಬಿರಿಯುತ್ತದೆ. ಆಮೇಲೆ ‘ಕಟ್ಟಡ ಶಿಥಿಲವಾಗಿದೆ, ಬಿಟ್ಟುಬಿಡಿ’ ಎಂಬ ಮಾತು ಬರುತ್ತದೆ. ಬಿಲ್ಡರನೊಡನೆ ಜಂಟಿ ಅಭಿವೃದ್ಧಿ ಒಪ್ಪಂದವಾಗುತ್ತದೆ. ಮಾಲೀಕನಿಗೆ ಎಷ್ಟು ಚದರಡಿ, ಬಿಲ್ಡರನಿಗೆ ಎಷ್ಟು ಚದರಡಿ, ಕಾರು ನಿಲ್ಲಿಸಲು ಎಷ್ಟು ಜಾಗ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಬಾಡಿಗೆದಾರನ ಸುದ್ದಿ ಬರುವುದು ಒಂದೇ ಸಾಲಿನಲ್ಲಿ: ಸ್ವತ್ತನ್ನು ಖಾಲಿ ಮಾಡಿಸಿಕೊಡುವ ಹೊಣೆ ಯಾರದು ಎಂಬಲ್ಲಿ.

ಸರ್ಕಾರದ ಕೈಯೂ ಇದರಲ್ಲಿ ಶುಭ್ರವಾಗಿಲ್ಲ. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಆರ್ಥಿಕವಾಗಿ ದುರ್ಬಲರಿಗೆಂದೇ ಮೀಸಲಾಗಿದ್ದ ಪಾಲಿಕೆಯ ನೆಲದಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಜೆಸಿಬಿ ಯಂತ್ರಗಳಿಂದ ತೆರವುಗೊಳಿಸಲಾಯಿತು. ಕೋರಮಂಗಲದ ಪಕ್ಕದ ಆ ನೆಲದ ಬೆಲೆ ಅಲ್ಲಿದ್ದ ಜನರ ಬೆಲೆಯನ್ನು ಎಂದೋ ಮೀರಿತ್ತು. ಮುಂಬಯಿಯ ಕಥೆ ಇನ್ನೂ ದೊಡ್ಡದು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ನಿಂತರು. ಬಹುಮಂದಿಗೆ ಆ ಕೆಲಸ ಮರಳಿ ದೊರೆಯಲೇ ಇಲ್ಲ. ಗಿರಣಿಯ ನೆಲವನ್ನು ಮಾರುವುದಾದರೆ ಮೂರರಲ್ಲಿ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದುದು ಮಾಲೀಕನಿಗೆ ಎಂಬ ನಿಯಮ 1991ರಲ್ಲಿ ಬಂದಿತು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಈ ಪಾಲು ಅನ್ವಯಿಸುವಂತೆ ಮಾಡಲಾಯಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗಿರಣಗಾಂವ್ ಎಂದು ಕರೆಸಿಕೊಂಡ ಆ ಪ್ರದೇಶದ ಚಾಳುಗಳ ನಡುವೆ ಗಾಜಿನ ಗೋಪುರಗಳು ಎದ್ದವು. ಹಗಲು ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ನಮ್ಮ ಕರಾವಳಿಯ ಹುಡುಗರಿಗೆ ಆಶ್ರಯವಿತ್ತುದೂ ಅಂಥದೇ ಅಗ್ಗದ ಬಾಡಿಗೆಯ ಮುಂಬಯಿಯಾಗಿತ್ತು ಎಂಬುದನ್ನು ನಾವು ಮರೆಯಬಾರದು.

‘ಇದು ಸರ್ಕಾರದ, ಬಿಲ್ಡರುಗಳ ವಿಚಾರ, ಧಾರ್ಮಿಕ ಪತ್ರಿಕೆಗೇಕೆ?’ ಎಂದು ಕೆಲವರು ಕೇಳಬಹುದು. ಏಕೆಂದರೆ ನಾವು ಇದರಲ್ಲಿ ಪ್ರೇಕ್ಷಕರಲ್ಲ. ನಮ್ಮ ಸಮಾಜದಲ್ಲಿ ಮನೆಯ ಮಾಲೀಕರಿದ್ದಾರೆ, ಬಿಲ್ಡರುಗಳಿದ್ದಾರೆ, ಬಿಲ್ಡರುಗಳಿಗೆ ಬಡ್ಡಿಗೆ ಹಣ ಕೊಡುವವರಿದ್ದಾರೆ. ನಮ್ಮ ಬಸದಿಗಳ, ಮಂದಿರಗಳ ಟ್ರಸ್ಟುಗಳಿಗೆ ನಗರದ ಹೃದಯಭಾಗಗಳಲ್ಲಿ ಅಂಗಡಿಗಳೂ ಮನೆಗಳೂ ಇವೆ. ಹೀಗಿರುವಾಗ ಕೈಕಟ್ಟಿ ನಿಂತು ಕಾಲಧರ್ಮವೆನ್ನುವುದು ಪ್ರಾಮಾಣಿಕವಲ್ಲ. ಅದಕ್ಕಿಂತ ಮುಖ್ಯವಾಗಿ, ನಾವೂ ಒಂದು ಕಾಲದಲ್ಲಿ ಬಾಡಿಗೆದಾರರೇ. ರಾಜಸ್ಥಾನ, ಗುಜರಾತುಗಳಿಂದ ಬಂದು ಪೇಟೆಯಲ್ಲಿ ಬಟ್ಟೆಯ ಗಂಟು ಬಿಚ್ಚಿದವರಿಗೆ ಒಂದು ಕೋಣೆಯನ್ನು ಕೊಟ್ಟವರು ಯಾರು? ಹಾಸನ, ತುಮಕೂರು, ದಕ್ಷಿಣ ಕನ್ನಡಗಳಿಂದ ಓದಿಗೂ ನೌಕರಿಗೂ ಬಂದ ಶ್ರಾವಕರ ಮಕ್ಕಳು ಯಾರ ವಠಾರದಲ್ಲಿ ಅನ್ನ ಬೇಯಿಸಿಕೊಂಡರು? ಅಗ್ಗದ ಕೋಣೆಯೊಂದು ದೊರೆಯದಿದ್ದರೆ ಇಂದಿನ ನಮ್ಮ ಎಷ್ಟು ಮನೆತನಗಳು ನಗರದಲ್ಲಿ ಬೇರೂರುತ್ತಿದ್ದವು? ತಾನು ಏರಿದ ಏಣಿಯನ್ನು ಒದ್ದವನಿಗೆ ಜಾಣನೆನ್ನಬಹುದು, ಶ್ರಾವಕನೆನ್ನಲಾಗದು.

ಶಾಸ್ತ್ರ ಈ ವಿಷಯದಲ್ಲಿ ಮೌನವಾಗಿದೆಯೆಂದು ತಿಳಿಯಬಾರದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಅಣುವ್ರತಗಳ ಅತಿಚಾರಗಳನ್ನು ಎಣಿಸಿ ಹೇಳಿದ್ದಾರೆ. ಪರ್ವದ ದಿನಗಳಲ್ಲಿ ಅವನ್ನು ರಾಗವಾಗಿ ಪಠಿಸುತ್ತೇವೆ. ಅವನ್ನು ಕೈಯಲ್ಲಿ ಹಿಡಿದು ಒಮ್ಮೆ ಬಾಡಿಗೆ ಮನೆಯ ಬಾಗಿಲಿಗೆ ಹೋಗಿ ನಿಲ್ಲೋಣ.

ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಮೊದಲು ಬರುವುದು ಬೆಳ್ಳಿ ಬಂಗಾರವಲ್ಲ, ಧನ ಧಾನ್ಯವಲ್ಲ. ಕ್ಷೇತ್ರ ಮತ್ತು ವಾಸ್ತು, ಅಂದರೆ ನೆಲ ಮತ್ತು ಮನೆ. ತನಗೆ ತಾನೇ ಹಾಕಿಕೊಂಡ ಎಲ್ಲೆಯನ್ನು ಮೀರಿ ನೆಲವನ್ನೂ ಮನೆಯನ್ನೂ ಕೂಡಿಸುವುದು ಮೊದಲ ದೋಷ. ನಮ್ಮಲ್ಲಿ ಎಷ್ಟು ಮಂದಿ ಗೃಹಸ್ಥರು ‘ನನಗೆ ಇಷ್ಟು ಮನೆ ಸಾಕು’ ಎಂದು ಒಂದು ಸಂಖ್ಯೆಯನ್ನು ಗುರುಗಳ ಮುಂದೆ ಹೇಳಿದ್ದಾರೆ? ಎಲ್ಲೆಯನ್ನೇ ಹಾಕಿಕೊಳ್ಳದವನಿಗೆ ಮೀರುವ ಭಯವಿಲ್ಲ. ಆದರೆ ಅವನಿಗೆ ವ್ರತವೂ ಇಲ್ಲ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ತನ್ನ ಅಧೀನದಲ್ಲಿರುವ ಜೀವಿಗೆ ಹೊತ್ತಿಗೆ ಸರಿಯಾಗಿ ಅನ್ನ ನೀರು ದೊರೆಯದಂತೆ ಮಾಡುವುದು. ಬಾಡಿಗೆದಾರನನ್ನು ಬಿಡಿಸಲು ನಗರಗಳಲ್ಲಿ ಎಲ್ಲಕ್ಕಿಂತ ಮೊದಲು ಬಳಸುವ ಅಸ್ತ್ರ ಯಾವುದು? ನೀರಿನ ಸಂಪರ್ಕ ಕಡಿಯುವುದು. ಮೋಟಾರು ಕೆಟ್ಟಿದೆ ಎನ್ನುವುದು. ರಿಪೇರಿಯವನು ಬರಲಿಲ್ಲ ಎನ್ನುವುದು. ತೊಟ್ಟಿಗೆ ಬೀಗ ಹಾಕುವುದು. ಎತ್ತಿಗೂ ಕುದುರೆಗೂ ನೀರು ತಪ್ಪಿಸಬಾರದೆಂದ ಧರ್ಮವು ಮನುಷ್ಯನಿಗೆ ತಪ್ಪಿಸಬಹುದೆಂದು ಒಪ್ಪೀತೇ? ಸಂಜೆ ಬಾಡಿಗೆಯ ಮನೆಯ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದ ಕೈ, ಮರುದಿನ ಬೆಳಗ್ಗೆ ಜಿನಬಿಂಬಕ್ಕೆ ಜಲಾಭಿಷೇಕ ಮಾಡಲು ಕಲಶವನ್ನು ಹೇಗೆ ಎತ್ತುತ್ತದೆ? ಅದೇ ಪಟ್ಟಿಯಲ್ಲಿ ಅತಿಭಾರಾರೋಪಣವೂ ಇದೆ. ಹೊರಲಾರದವನ ಮೇಲೆ ಹೊರೆ ಹೇರುವುದು. ಹತ್ತು ಸಾವಿರ ಕೊಡುತ್ತಿದ್ದವನಿಗೆ ಇಪ್ಪತ್ತೈದು ಸಾವಿರ ಕೊಡು ಎಂದು ಹೇಳುವುದು ಬಾಡಿಗೆಯ ಬೇಡಿಕೆಯಲ್ಲ. ಹೊರೆಗೆ ಬೆನ್ನು ಮುರಿದು ತಾನಾಗಿಯೇ ಹೊರಡಲೆಂಬ ಉಪಾಯ.

ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ. ಒಬ್ಬನು ನಂಬಿ ಇಟ್ಟ ಠೇವಣಿಯಲ್ಲಿ ಕಡಿಮೆ ಹಿಂದಿರುಗಿಸಿ ಸುಮ್ಮನಾಗುವುದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವೆಂದು ಪಡೆಯುವ ಪದ್ಧತಿ ಬಹುಕಾಲದಿಂದ ಇದೆ. ಮನೆ ಬಿಡುವ ದಿನ ಬಣ್ಣದ ಖರ್ಚು, ನಲ್ಲಿಯ ಖರ್ಚು, ಗೋಡೆಗೆ ಮೊಳೆ ಹೊಡೆದ ಖರ್ಚು ಎಂದು ಮುರಿದುಕೊಳ್ಳುವುದನ್ನು ಯಾರೂ ಅಸತ್ಯವೆಂದು ಎಣಿಸುವುದಿಲ್ಲ. ಸೂತ್ರಕಾರರು ಎಣಿಸಿದ್ದಾರೆ. ಅದರ ಪಕ್ಕದಲ್ಲೇ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ ಇದೆ. ಹಿಂದಿನ ದಿನಾಂಕದ ಕರಾರುಪತ್ರ, ಬೇರೆ ಮೊತ್ತದ ರಸೀದಿ, ಗಟ್ಟಿಯಾಗಿರುವ ಕಟ್ಟಡಕ್ಕೆ ಶಿಥಿಲವೆಂಬ ಪ್ರಮಾಣಪತ್ರ ಇವೆಲ್ಲ ಮತ್ತೇನು?

ಅಚೌರ್ಯಾಣುವ್ರತದ ಮೊದಲ ಎರಡು ಅತಿಚಾರಗಳನ್ನು ಎಲ್ಲಕ್ಕಿಂತ ಹೆಚ್ಚು ಗಮನದಿಂದ ಓದಬೇಕು. ಮೊದಲನೆಯದು ಸ್ತೇನಪ್ರಯೋಗ: ತಾನು ಕದಿಯದೆ ಕದಿಯುವವನನ್ನು ಪ್ರೇರೇಪಿಸುವುದು. ಎರಡನೆಯದು ತದಾಹೃತಾದಾನ: ಹಾಗೆ ತಂದುದನ್ನು ಕೊಳ್ಳುವುದು. ‘ನಾವು ಯಾರನ್ನೂ ಓಡಿಸಲಿಲ್ಲ, ಎಲ್ಲವನ್ನೂ ಬಿಲ್ಡರೇ ನೋಡಿಕೊಂಡರು’ ಎಂಬ ಮಾತನ್ನು ನಮ್ಮ ಸಮಾಜದಲ್ಲಿ ನಿರ್ಮಲ ಮನಸ್ಸಿನಿಂದಲೇ ಹೇಳುವವರಿದ್ದಾರೆ. ಬಿಲ್ಡರು ಹೇಗೆ ನೋಡಿಕೊಂಡ ಎಂದು ಅವರು ಕೇಳಿರುವುದಿಲ್ಲ. ಕೇಳದಿರುವುದೇ ಅನುಕೂಲ. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಧರ್ಮ ನಮ್ಮದು. ಮಾಡಿದವನಿಗೂ ಮಾಡಿಸಿದವನಿಗೂ ಮೌನವಾಗಿ ಒಪ್ಪಿದವನಿಗೂ ಕರ್ಮಬಂಧವಿದೆ. ರಾತ್ರಿ ಹೊತ್ತು ಬಾಗಿಲು ಬಡಿದು ಮುದುಕರನ್ನು ಹೆದರಿಸಿದ ಪುಂಡನಿಗೆ ಮಾತ್ರ ಕರ್ಮ ಅಂಟಿ, ಆ ನೆಲದಲ್ಲೆದ್ದ ಎರಡು ಫ್ಲಾಟುಗಳನ್ನು ಪಡೆದವನಿಗೆ ಅಂಟದಿರುವಂಥ ಶಾಸ್ತ್ರವನ್ನು ಯಾವ ಆಚಾರ್ಯರೂ ಬರೆದಿಲ್ಲ.

ಇನ್ನು ಆಕ್ಷೇಪಗಳಿಗೆ ಬರೋಣ. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯ, ಮನೆ ಕಟ್ಟುವುದೂ ಬಾಡಿಗೆ ಪಡೆಯುವುದೂ ಅಂಥ ಉದ್ಯೋಗವೇ ಎಂಬುದು ಮೊದಲನೆಯದು. ಅನಿವಾರ್ಯವಾದುದನ್ನು ಯಾರೂ ಬೇಡವೆನ್ನುವುದಿಲ್ಲ. ಜೀವನೋಪಾಯಕ್ಕೆ ತಪ್ಪಿಸಲಾರದ ಹಿಂಸೆಗೆ ಗೃಹಸ್ಥನ ಮಟ್ಟಿಗೆ ರಿಯಾಯಿತಿ ಇದೆ. ಆದರೆ ಬಾಡಿಗೆ ಬರುತ್ತಿರುವ ಮನೆಯಿಂದ ಇನ್ನೂ ಹೆಚ್ಚು ಬರಲೆಂದು, ಇರುವವರನ್ನು ಗೊತ್ತಿದ್ದೂ ಗೊತ್ತಿದ್ದೂ ನಿರಾಶ್ರಿತರನ್ನಾಗಿಸುವುದು ಜೀವನೋಪಾಯವೇ? ಅದು ಸಂಕಲ್ಪಕ್ಕೆ ಹತ್ತಿರವಾದುದು. ರಿಯಾಯಿತಿಯ ಚೀಟಿಯನ್ನು ಲೋಭದ ಬಾಗಿಲಲ್ಲಿ ತೋರಿಸಿದರೆ ನಡೆಯದು.

ಎರಡನೆಯ ಆಕ್ಷೇಪ ಹೆಚ್ಚು ನ್ಯಾಯವಾದುದು. ಐವತ್ತು ವರ್ಷದ ಹಿಂದೆ ನಿಗದಿಯಾದ ಬಾಡಿಗೆಯನ್ನೇ ಕೊಡುತ್ತಾ, ಅದೇ ಅಂಗಡಿಯನ್ನು ಮತ್ತೊಬ್ಬರಿಗೆ ಹತ್ತು ಪಟ್ಟಿಗೆ ಒಳಬಾಡಿಗೆ ಕೊಟ್ಟು, ಬಸದಿಯ ದೀಪದೆಣ್ಣೆಗೂ ಸಾಲದಷ್ಟು ಹಣ ಕಟ್ಟುವ ಬಾಡಿಗೆದಾರರಿದ್ದಾರೆ. ಇದೂ ಪರಧನಾಪಹರಣವೇ. ಅಂಥವರ ಪರವಾಗಿ ಈ ಲೇಖನವಿಲ್ಲ; ಅವರ ಮೇಲೆ ಟ್ರಸ್ಟುಗಳು ನ್ಯಾಯಾಲಯಕ್ಕೆ ಹೋಗಲಿ. ಆದರೆ ಒಳಬಾಡಿಗೆಯ ವ್ಯಾಪಾರಿಯನ್ನು ಮುಂದೆ ನಿಲ್ಲಿಸಿ, ಒಂದು ಕೋಣೆಯ ವಿಧವೆಯನ್ನು ಅವನ ಜೊತೆಗೇ ಹೊರಹಾಕುವುದು ನ್ಯಾಯವಲ್ಲ. ಅನೇಕಾಂತವನ್ನು ವೇದಿಕೆಯ ಮೇಲೆ ಹೊಗಳುವವರು ಬಾಡಿಗೆಯ ಪುಸ್ತಕದ ಒಂದೊಂದು ಹೆಸರನ್ನೂ ಬೇರೆ ಬೇರೆಯಾಗಿ ನೋಡುವಷ್ಟಾದರೂ ಅದನ್ನು ಆಚರಿಸಬೇಡವೇ? ಕಾನೂನಿನ ರಕ್ಷಣೆ ಬಹಳವಿದೆಯೆಂಬುದೂ ಪೂರ್ತಿ ನಿಜವಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಬದಲಿಗೆ ಬಂದ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು 2001ರ ಕೊನೆಯ ದಿನ ಜಾರಿಗೆ ಬಂದಿತು. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಳನ್ನು ಮೀರಿದ ಬಾಡಿಗೆಯ ಸ್ವತ್ತುಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ಆ ಮೊತ್ತಕ್ಕೆ ನಗರದಲ್ಲಿ ಒಂದು ಕೋಣೆಯಾದರೂ ದೊರೆಯುವುದು ದುರ್ಲಭ. ಕಾನೂನು ಬಿಟ್ಟುಕೊಟ್ಟ ಎಡೆಯಲ್ಲಿ ಧರ್ಮವಾದರೂ ನಿಲ್ಲಬೇಕು.

ಮೂರನೆಯದು ಎಲ್ಲಕ್ಕಿಂತ ಸುಂದರವಾದ ಆಕ್ಷೇಪ: ‘ಹೆಚ್ಚಿದ ಆದಾಯವನ್ನು ನಾವು ಅನ್ನದಾನಕ್ಕೆ, ವಿದ್ಯಾದಾನಕ್ಕೆ, ಜೀರ್ಣೋದ್ಧಾರಕ್ಕೆ ಬಳಸುತ್ತೇವೆ.’ ಆದರೆ ಶಾಸ್ತ್ರಗಳು ದಾನಕ್ಕಿಂತ ಮೊದಲು ಆರ್ಜನೆಯನ್ನು ಕೇಳುತ್ತವೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ಮೊದಲಿಗೇ ಇಟ್ಟುದು ನ್ಯಾಯದಿಂದ ಗಳಿಸಿದ ಧನವನ್ನು. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರೂ ಯೋಗಶಾಸ್ತ್ರದಲ್ಲಿ ಮಾರ್ಗಾನುಸಾರಿಯ ಮೂವತ್ತೈದು ಗುಣಗಳಲ್ಲಿ ನ್ಯಾಯಸಂಪನ್ನವಾದ ಸಂಪತ್ತನ್ನೇ ಮೊದಲು ಹೇಳಿದರು. ಎರಡು ಪರಂಪರೆಗಳೂ ಒಂದೇ ಕಲ್ಲಿನ ಮೇಲೆ ಅಡಿಪಾಯ ಹಾಕಿವೆ. ಕಲಶದ ಹರಾಜಿನಲ್ಲಿ ಎಲ್ಲರಿಗಿಂತ ಮೇಲೆ ಕೂಗಿದವನ ಹಣ ಎಲ್ಲಿಂದ ಬಂತೆಂದು ಯಾವ ಟ್ರಸ್ಟು ಕೇಳುತ್ತದೆ? ಚಪ್ಪಾಳೆ ತಟ್ಟುತ್ತೇವೆ, ಶಾಲು ಹೊದಿಸುತ್ತೇವೆ, ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸುತ್ತೇವೆ.

ದಾನದ ಮಾತೇ ಬಂದುದರಿಂದ ನಾಲ್ಕನೆಯ ದಾನವನ್ನೂ ನೆನೆಯೋಣ. ಕನ್ನಡ ನಾಡಿನ ಶಾಸನಗಳು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಕೊಂಡಾಡುತ್ತವೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ವೈಯಾವೃತ್ಯವನ್ನು ವಿವರಿಸುತ್ತಾ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನು ಎಣಿಸುತ್ತಾರೆ. ಅಲ್ಲಿ ಮಾತು ಸಂಯಮಿಗಳ ಕುರಿತಾದುದು ಎಂಬುದು ನಿಜ. ಆದರೂ ನೆಲೆ ಎಂಬುದು ಅನ್ನ ಔಷಧಗಳ ಸಾಲಿನಲ್ಲಿ ನಿಲ್ಲುವ ವಸ್ತು ಎಂದು ಅದರಿಂದ ಸ್ಪಷ್ಟವಾಗುತ್ತದೆ. ಅತ್ತಿಮಬ್ಬೆ ದಾನಚಿಂತಾಮಣಿಯಾದುದು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದರಿಂದ, ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದ್ದರಿಂದ. ಯಾರನ್ನೋ ಬಿಡಿಸಿದ ನೆಲದ ಲಾಭದಿಂದಲ್ಲ. ಇಂದಿನ ನಗರದಲ್ಲಿ ಅಭಯದಾನವೆಂದರೇನು? ‘ನಾಳೆ ನಿಮ್ಮನ್ನು ಇಲ್ಲಿಂದ ಎಬ್ಬಿಸುವುದಿಲ್ಲ’ ಎಂದು ಒಬ್ಬ ಮುದುಕನಿಗೆ ಕೊಟ್ಟ ಬರಹದ ಮಾತು. ಇದಕ್ಕೆ ಮಂಟಪ ಬೇಡ, ಕರಪತ್ರ ಬೇಡ, ಒಂದು ಸಹಿ ಸಾಕು.

ಸ್ವಾರ್ಥದ ದೃಷ್ಟಿಯಿಂದ ನೋಡಿದರೂ ಟ್ರಸ್ಟುಗಳು ತಮ್ಮ ಕಾಲಿನ ಮೇಲೆ ತಾವೇ ಕಲ್ಲು ಹಾಕಿಕೊಳ್ಳುತ್ತಿವೆ. ಬಸದಿ ಬದುಕುವುದು ಕಲ್ಲಿನಿಂದಲ್ಲ, ನಡೆದು ಬರುವ ದೂರದಲ್ಲಿರುವ ಮನೆಗಳಿಂದ. ಬೆಳಗಿನ ಅಭಿಷೇಕಕ್ಕೆ ಬರುವವರು ಯಾರು? ಪಕ್ಕದ ಬೀದಿಯ ಅಜ್ಜಿಯರು, ನಿವೃತ್ತ ಗುಮಾಸ್ತರು, ಪುರೋಹಿತರ ಮನೆಯವರು. ಬಾಡಿಗೆ ಏರಿದಾಗ ಮೊದಲು ಹೊರಡುವವರೂ ಅವರೇ. ನಗರದ ಅಂಚಿನ ಬಡಾವಣೆಯಿಂದ ಎರಡು ಬಸ್ಸು ಬದಲಿಸಿ ಅವರು ದಿನವೂ ಬಂದಾರೇ? ಮುನಿಗಳು ಪಾದಚಾರಿಗಳು, ವಾಹನವೇರುವವರಲ್ಲ. ಆಹಾರಚರ್ಯೆಗೆ ಹೊರಟ ಮಹಾರಾಜರಿಗೆ ಪಡಗಾಹನ ಮಾಡಲು ಸಮೀಪದಲ್ಲಿ ಶುದ್ಧವಾದ ಚೌಕ ಹಾಕುವ ಮನೆಗಳಿರಬೇಕು. ಸುತ್ತಲ ಮನೆಗಳೆಲ್ಲ ಗೋದಾಮು, ಷೋರೂಮು, ಅತಿಥಿಗೃಹಗಳಾದ ಮೇಲೆ ಆ ಬೀದಿಯಲ್ಲಿ ಕಲಶ ಹಿಡಿದು ನಿಲ್ಲುವವರು ಯಾರು? ಸಂಬಳದ ಪೂಜಾರಿಯೊಬ್ಬನು ಬೀಗ ತೆರೆದು, ಗಂಟೆ ಬಾರಿಸಿ, ಬೀಗ ಹಾಕಿ ಹೋಗುವ ಮಂದಿರಕ್ಕೆ ಎಷ್ಟು ಬಾಡಿಗೆ ಬಂದರೇನು?

ಒಂದು ಕಹಿಯಾದ ಮಾತನ್ನೂ ಹೇಳಲೇಬೇಕು. ಮುಂಬಯಿಯ ಹಳೆಯ ಬಸ್ತಿಗಳಲ್ಲಿ ಎದ್ದ ಕೆಲವು ಹೊಸ ಕಟ್ಟಡಗಳಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಮನೆ ಎಂಬ ಷರತ್ತಿನ ಬಗ್ಗೆ ಹಲವು ವರ್ಷಗಳಿಂದ ತಕರಾರು ನಡೆದಿದೆ. ಬೆಂಗಳೂರಿನ ‘ಮನೆ ಬಾಡಿಗೆಗಿದೆ’ ಫಲಕಗಳಲ್ಲಿಯೂ ಈ ಷರತ್ತು ಅಪರೂಪವಲ್ಲ. ಸಹಕಾರ ಸಂಘವೊಂದು ತನ್ನ ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸಿಕೊಳ್ಳಬಹುದೆಂದು 2005ರಲ್ಲಿ ಪಾರಸಿಗಳ ಸಂಘವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದುದುಂಟು. ಕಾನೂನು ಬಿಟ್ಟಿತೆಂದು ಧರ್ಮ ಬಿಟ್ಟೀತೇ? ತನ್ನ ಅಡುಗೆಮನೆಯ ಶುದ್ಧಿಯನ್ನು ಕಾಯ್ದುಕೊಳ್ಳುವುದು ಶ್ರಾವಕನ ಹಕ್ಕು ಮತ್ತು ಕರ್ತವ್ಯ. ಆದರೆ ತಲೆಮಾರುಗಳಿಂದ ಆ ಕೇರಿಯಲ್ಲಿದ್ದ ಕಾರ್ಮಿಕನನ್ನು, ಮೀನುಗಾರನನ್ನು ಅವನ ತಟ್ಟೆಯ ನೆಪದಿಂದ ಹೊರಗಿಟ್ಟು ನೆಲದ ಬೆಲೆಯನ್ನು ಏರಿಸಿಕೊಳ್ಳುವುದು ಅಹಿಂಸೆಯಲ್ಲ. ಅಹಿಂಸೆಯನ್ನು ಬಾಗಿಲಿನ ಚಿಲಕವನ್ನಾಗಿ ಮಾಡಿಕೊಳ್ಳುವುದು. ಹಾಗೆ ಹೊರಗೆ ನಿಂತವನು ನಮ್ಮ ಧರ್ಮದ ಬಗ್ಗೆ ಏನನ್ನು ಕಲಿಯುತ್ತಾನೆ? ಕರುಣೆಯನ್ನಂತೂ ಅಲ್ಲ. ನಾಲ್ಕೂ ಪಂಥಗಳು ಒಪ್ಪಿಕೊಂಡ ನಮ್ಮ ಲಾಂಛನದ ಕೆಳಗೆ, ಜೀವಿಗಳು ಒಂದಕ್ಕೊಂದು ಉಪಕಾರಿಗಳು ಎಂಬರ್ಥದ ಉಮಾಸ್ವಾತಿಗಳ ಸೂತ್ರವಿದೆ. ಲಗ್ನಪತ್ರಿಕೆಯ ಮೇಲೆ ಮುದ್ರಿಸಿದರೆ ಅದರ ಕೆಲಸ ಮುಗಿಯುವುದಿಲ್ಲ.

ಮಾಡಬೇಕಾದುದೇನು? ಟ್ರಸ್ಟುಗಳ ಮುಂದೆ ಕೆಲವು ಬೇಡಿಕೆಗಳನ್ನು ಇಡುತ್ತೇನೆ. ಪ್ರತಿವರ್ಷದ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕಪತ್ರದ ಜೊತೆಗೆ ಬಾಡಿಗೆದಾರರ ಪಟ್ಟಿಯನ್ನೂ ಓದಲಿ: ಯಾರು, ಎಷ್ಟು ವರ್ಷದಿಂದ, ಎಷ್ಟು ಬಾಡಿಗೆಗೆ, ಆ ವರ್ಷ ಯಾರು ಹೋದರು, ಏಕೆ ಹೋದರು. ವಾಸದ ಮನೆಗಳ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರದಿರಲಿ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆ ಹೇಳುವುದೂ ಅಷ್ಟನ್ನೇ. ಬಾಡಿಗೆ ಏರಲಿ, ಆದರೆ ವರ್ಷಕ್ಕೆ ಇಷ್ಟೆಂದು ಮೊದಲೇ ಬರೆದ ಪ್ರಮಾಣದಲ್ಲಿ ಏರಲಿ. ಕಟ್ಟಡ ಮರುನಿರ್ಮಾಣ ಅನಿವಾರ್ಯವಾದರೆ, ಅಲ್ಲಿ ವಾಸವಿದ್ದವರಿಗೆ ಹೊಸ ಕಟ್ಟಡದಲ್ಲಿ ಅವರು ತೆರಬಲ್ಲ ಬಾಡಿಗೆಗೆ ಜಾಗ ಕೊಡುವುದಾಗಿ, ಕಟ್ಟುವವರೆಗೆ ಬದಲಿ ವಸತಿ ಕೊಡುವುದಾಗಿ ಬಿಲ್ಡರನೊಡನೆ ಆಗುವ ಒಪ್ಪಂದದಲ್ಲಿಯೇ ಬರೆಯಿಸಲಿ. ಒಪ್ಪದ ಬಿಲ್ಡರನಿಗೆ ಬಸದಿಯ ನೆಲ ಬೇಡ. ಬಸದಿಯ ಸುತ್ತಣ ಟ್ರಸ್ಟಿನ ಮನೆಗಳಲ್ಲಿ ಒಂದಷ್ಟನ್ನು ಪುರೋಹಿತರಿಗೆ, ಒಂಟಿ ವೃದ್ಧರಿಗೆ, ಓದುವ ಮಕ್ಕಳಿಗೆ ಜಾತಿಮತ ನೋಡದೆ ಮೀಸಲಿಡಲಿ. ಬಾಡಿಗೆದಾರರನ್ನು ಹೆದರಿಸಿ ಬಿಡಿಸಿದವರಿಂದ ದೇಣಿಗೆ ಪಡೆಯುವುದಿಲ್ಲವೆಂದು ನಿರ್ಣಯ ಕೈಗೊಳ್ಳಲಿ. ಮೊದಲ ವರ್ಷ ಹರಾಜಿನ ಮೊತ್ತ ಇಳಿಯಬಹುದು; ಇಳಿಯಲಿ.

ಕುಟುಂಬಗಳಿಗೆ ಹೇಳುವುದು ಇನ್ನೂ ಚಿಕ್ಕದು. ಮುಂದಿನ ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯದ ದಿನ, ಏಕಾಶನದ ಜೊತೆಗೆ ಒಂದು ಪರಿಮಾಣವನ್ನೂ ತೆಗೆದುಕೊಳ್ಳಿ: ನಮ್ಮ ಮನೆತನಕ್ಕೆ ಇಷ್ಟು ಮನೆ, ಇಷ್ಟು ನಿವೇಶನ ಸಾಕು, ಇದಕ್ಕಿಂತ ಹೆಚ್ಚು ಬೇಡ. ಸಂಖ್ಯೆ ಎಷ್ಟಾದರೂ ಇರಲಿ, ಒಂದು ಸಂಖ್ಯೆ ಇರಲಿ. ಬಳಿಕ ಬಾಡಿಗೆಗೆ ಕೊಟ್ಟ ಮನೆಗೆ ಹೋಗಿ ಸೂರು ಸೋರುತ್ತಿದೆಯೇ, ನೀರು ಬರುತ್ತಿದೆಯೇ ಎಂದು ನೋಡಿ ಬನ್ನಿ.

ಪರ್ವದ ಕೊನೆಗೆ ಕ್ಷಮಾವಣಿ ಬರುತ್ತದೆ. ಶ್ವೇತಾಂಬರ ಬಂಧುಗಳಿಗೆ ಸಂವತ್ಸರಿ. ಬಂಧುಮಿತ್ರರಿಗೆಲ್ಲ ಪತ್ರ ಬರೆಯುತ್ತೇವೆ, ಫೋನು ಮಾಡುತ್ತೇವೆ, ತಿಳಿದೋ ತಿಳಿಯದೆಯೋ ಆದ ನೋವಿಗೆ ಕ್ಷಮೆ ಕೇಳುತ್ತೇವೆ. ಈ ಸಲ ಆ ಪಟ್ಟಿಯಲ್ಲಿ, ಕಳೆದ ವರ್ಷಗಳಲ್ಲಿ ನಮ್ಮ ಮನೆಯಿಂದ, ನಮ್ಮ ಟ್ರಸ್ಟಿನ ವಠಾರದಿಂದ ಹೊರಟುಹೋದವರ ಹೆಸರೂ ಇರಲಿ. ಅವರು ಈಗ ಎಲ್ಲಿದ್ದಾರೆಂದು ಗೊತ್ತಿಲ್ಲದಿದ್ದರೆ ವಿಚಾರಿಸಿ, ವಿಳಾಸ ಹುಡುಕಿ, ಹೋಗಿ ಬಾಗಿಲು ತಟ್ಟಿ. ಕ್ಷಮೆ ಕೇಳುವುದರೊಂದಿಗೆ ಉಳಿಸಿಕೊಂಡ ಮುಂಗಡದ ಹಣವನ್ನೂ ತೆಗೆದುಕೊಂಡು ಹೋಗಿ.